ಕಾವೇರಿ ಹರಿದ ದಾರಿಯಲ್ಲೇ ಒಂದು ದಿನ: ಮೈಸೂರಿನಿಂದ ಗೈಡ್ ಜೊತೆ ಹೋದ ನನ್ನ ಅನುಭವ

ಮೈಸೂರಿನಿಂದ ಒಂದು ದಿನದ ಟ್ರಿಪ್ ಅಂತ ಯಾರನ್ನು ಕೇಳಿದರೂ ಬರುವ ಪಟ್ಟಿ ಹೆಚ್ಚುಕಮ್ಮಿ ಒಂದೇ. ಶ್ರೀರಂಗಪಟ್ಟಣ, ರಂಗನತಿಟ್ಟು, ಸೋಮನಾಥಪುರ, ತಲಕಾಡು, ಶಿವನಸಮುದ್ರ, ಸಂಜೆಗೆ ಬೃಂದಾವನ. ಆರು ಜಾಗ, ಒಂದು ದಿನ. ಲೆಕ್ಕ ಹಾಕಿ ನೋಡಿ, ಇದರಲ್ಲಿ ಕಾರಿನೊಳಗೆ ಕೂತಿರುವ ಹೊತ್ತೇ ಜಾಸ್ತಿ. ಪಾರ್ಕಿಂಗ್‌ನಲ್ಲಿ ಇಳಿಸಿ "ಅರ್ಧ ಗಂಟೆ, ಬೇಗ ಬಂದ್ಬಿಡಿ" ಅನ್ನುತ್ತಾರೆ. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಆತುರ ಮಾಡಿದರೆ ಆಗುವುದಿಲ್ಲ, ಅಕ್ಕನ ಮಗ ಹತ್ತು ವರ್ಷದ ಹುಡುಗ, ಅವನಿಗೆ ಮೊಸಳೆ ನೋಡಬೇಕು. ಇವರನ್ನೆಲ್ಲ ಕರೆದುಕೊಂಡು ಆರು ಕಡೆ ಓಡುವುದು ನನಗೆ ಬೇಡವಾಗಿತ್ತು. ಹಾಗಾಗಿ ನಮಗಾಗಿಯೇ ಒಂದು ಕಾರು, ಒಬ್ಬರು ಗೈಡ್ ಮಾಡಿಕೊಂಡು, ಕಾವೇರಿ ಯಾವ ಕಡೆಗೆ ಹರಿಯುತ್ತದೋ ಅದೇ ಕಡೆಗೆ ಹೋಗಿ ಬಂದೆವು. ಅಕ್ಟೋಬರ್ ತಿಂಗಳು.

ಗೈಡ್ ಹುಡುಕಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಪ್ರಕಾರ ಇಡೀ ದಿನ ಚೆನ್ನಾಗಿ ಆಗುತ್ತೋ ಇಲ್ವೋ ಅನ್ನುವುದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಫೋನ್ ಮಾಡಿದ ಎಲ್ಲರಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ವಾರ ಶಿವನಸಮುದ್ರದ ಗಗನಚುಕ್ಕಿ ಜಲಪಾತದಲ್ಲಿ ನೀರು ಹೇಗಿದೆ? ಹೆಚ್ಚಿನವರು "ಸೂಪರಾಗಿದೆ ಮೇಡಂ, ಬನ್ನಿ" ಅಂದರು. ಒಬ್ಬರು ಮಾತ್ರ, "ನೀವು ಯಾವತ್ತು ಬರ್ತೀರಿ ಹೇಳಿ ಮೇಡಂ, ಹಿಂದಿನ ದಿನ ಕಬಿನಿ ಎಷ್ಟು ಬಿಟ್ಟಿದ್ದಾರೆ ನೋಡ್ಕೊಂಡು ಹೇಳ್ತೀನಿ" ಅಂದರು. ಮಳವಳ್ಳಿ ಕಡೆಯವರು, ಐವತ್ತು ದಾಟಿದವರು, ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇತ್ತು. ಅವರನ್ನೇ ಗೊತ್ತು ಮಾಡಿದೆ.

ಕಬಿನಿ ಯಾಕೆ ಅಂತ ನಾನೂ ಕೇಳಿದೆ. ಅವರು ವಿವರಿಸಿದ್ದು ಇಷ್ಟು. ಶಿವನಸಮುದ್ರ ಅಂದರೆ ನಮ್ಮ ತಲೆಗೆ ಬರುವುದು ಕೆಆರ್‌ಎಸ್ ಡ್ಯಾಂ. ಪೇಪರ್‌ನಲ್ಲಿ ದಿನಾ 124.80 ಅಡಿಗೆ ಎಷ್ಟು ತುಂಬಿತು ಅಂತ ನೋಡಿ, ತುಂಬಿದ ಮೇಲೆ ಜಲಪಾತ ನೋಡಲು ಹೊರಡುತ್ತೇವೆ. ಆದರೆ ಕಬಿನಿ ಬಂದು ಕಾವೇರಿಗೆ ಸೇರುವುದು ತಿರುಮಕೂಡಲು ನರಸೀಪುರದಲ್ಲಿ, ಅಂದರೆ ಕೆಆರ್‌ಎಸ್‌ಗಿಂತ ಕೆಳಗೆ, ಜಲಪಾತಕ್ಕಿಂತ ಮೇಲೆ. ವಯನಾಡಿನಲ್ಲಿ ಮಳೆ ಜೋರಾದರೆ ಕಬಿನಿ ಡ್ಯಾಂ ಬೇಗ ತುಂಬುತ್ತದೆ, ಬೇಗ ಬಿಡುತ್ತಾರೆ. ಕೆಆರ್‌ಎಸ್ ಇನ್ನೂ ತುಂಬದೇ ಇರುವಾಗಲೂ ಗಗನಚುಕ್ಕಿಯಲ್ಲಿ ನೀರು ಭೋರ್ಗರೆಯಬಹುದು. ಆದರೆ ರಂಗನತಿಟ್ಟು ಪಕ್ಷಿಧಾಮದ ವಿಷಯವೇ ಬೇರೆ. ಅದು ಕೆಆರ್‌ಎಸ್‌ನಿಂದ ಸ್ವಲ್ಪವೇ ಕೆಳಗಿದೆ. ಅಲ್ಲಿಂದ ಹೊರಹರಿವು ಜಾಸ್ತಿ ಮಾಡಿದ ಕೂಡಲೇ ದೋಣಿ ನಿಲ್ಲಿಸಿಬಿಡುತ್ತಾರೆ. ಅಂದರೆ ಜುಲೈ, ಆಗಸ್ಟ್‌ನಲ್ಲಿ ಜಲಪಾತ ಸಿಕ್ಕರೆ ದೋಣಿ ಸಿಗದೇ ಹೋಗಬಹುದು, ಬೇಸಿಗೆಯಲ್ಲಿ ದೋಣಿ ಸಿಕ್ಕರೆ ಜಲಪಾತ ಬರೀ ಬಂಡೆ. ಎರಡೂ ಸಿಗಬೇಕು ಅಂದರೆ ಮಧ್ಯದ ಕಾಲ ನೋಡಬೇಕು, ಅದೂ ಆ ವಾರದ ನೀರು ನೋಡಿಕೊಂಡು. ನಾವು ಶನಿವಾರ ಹೊರಡೋಣ ಅಂದುಕೊಂಡಿದ್ದೆವು, ಅವರು "ಸೋಮವಾರ ಇಟ್ಕೊಳ್ಳಿ, ಜನ ಕಮ್ಮಿ, ನೀರೂ ಹದವಾಗಿರುತ್ತೆ" ಅಂದರು, ಅದಕ್ಕೇ ಒಪ್ಪಿದೆವು.

ದುಡ್ಡಿನ ಮಾತು ಮೊದಲೇ ಮುಗಿಸಿಕೊಳ್ಳಿ. ಕಾರಿನ ಬಾಡಿಗೆ ಬೇರೆ, ಗೈಡ್ ಚಾರ್ಜ್ ಬೇರೆ. ಊರಾಚೆ ಟ್ರಿಪ್ ಅಂದರೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕ ಹಿಡಿಯುತ್ತಾರೆ, ನೀವು ಅಷ್ಟು ಓಡಿಸದಿದ್ದರೂ ಅಷ್ಟಕ್ಕೇ ಕೊಡಬೇಕು. ಅದರ ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್. ಕಿಲೋಮೀಟರ್ ಎಲ್ಲಿಂದ ಶುರು ಅಂತಲೂ ಕೇಳಿ, ಕೆಲವರು ತಮ್ಮ ಶೆಡ್‌ನಿಂದಲೇ ಎಣಿಸುತ್ತಾರೆ. ಹಳದಿ ಬೋರ್ಡ್ ಗಾಡಿಯೇ ಇರಲಿ. ಇನ್ನೊಂದು ಮಾತು ನಾನು ಮುಂಚೆಯೇ ಹೇಳಿಬಿಟ್ಟೆ: ರೇಷ್ಮೆ ಅಂಗಡಿ, ಗಂಧದೆಣ್ಣೆ ಅಂಗಡಿ ಯಾವುದಕ್ಕೂ ನಿಲ್ಲಿಸುವುದು ಬೇಡ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನೀವೂ ಹೇಳಿಬಿಡಿ, ಆ ಒಂದು ಗಂಟೆಯನ್ನು ನದಿ ಹತ್ತಿರ ಕಳೆಯಬಹುದು.

ಬೆಳಗ್ಗೆ ರಂಗನತಿಟ್ಟಿನ ಬಾಗಿಲು ತೆಗೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಮೈಸೂರಿನಿಂದ 20 ಕಿ.ಮೀ. ಕೂಡ ಇಲ್ಲ. ಎಲ್ಲರ ಜೊತೆ ಹೋಗುವ ದೋಣಿಯೂ ಇದೆ, ಬೇರೆ ದೋಣಿಯನ್ನೇ ತೆಗೆದುಕೊಳ್ಳಬಹುದು. ನಮ್ಮ ಗೈಡ್ ಬೇರೆ ದೋಣಿಯನ್ನೇ ತೆಗೆದುಕೊಳ್ಳಿ ಅಂದರು, ನಾನೂ ಅದನ್ನೇ ಹೇಳುತ್ತೇನೆ. ಖರ್ಚು ಜಾಸ್ತಿ, ಆದರೆ ದೋಣಿ ನಡೆಸುವವರು ನಿಮಗೋಸ್ಕರ ನಿಲ್ಲಿಸುತ್ತಾರೆ. ಒಂದು ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಹುಡುಗ ಹೆದರಿ ಅಕ್ಕನ ಪಕ್ಕ ಸರಿದ. "ಅದು ಕೋಪ ಅಲ್ಲ ಪುಟ್ಟ, ಬಾಯಿ ತೆಗೆದು ಮೈ ತಣ್ಣಗೆ ಮಾಡ್ಕೊಳ್ತಾ ಇದೆ" ಅಂದರು ಗೈಡ್. ಆಮೇಲೆ ಅವನು ಕಂಡ ಮೊಸಳೆಯ ಬಾಯಿಯನ್ನೆಲ್ಲ ನೋಡುತ್ತಾ ಕೂತ.

ಹಕ್ಕಿ ತುಂಬಾ ಇರುವ ಕಾಲ ಅದಲ್ಲ. ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನು ನೋಡಬೇಕಾದರೆ ಹೊಸ ವರ್ಷ ಕಳೆಯಬೇಕು. ಆದರೂ ಬೆಳ್ಳಕ್ಕಿ, ನೀರುಕಾಗೆ, ಮರದ ತುಂಬಾ ನೇತಾಡುವ ಬಾವಲಿಗಳು, ನೋಡಲು ಸಾಕಷ್ಟಿತ್ತು. ಈ ನಡುಗಡ್ಡೆಗಳು ತಾವಾಗಿ ಆದವು ಅಂತ ನಾನು ಅಂದುಕೊಂಡಿದ್ದೆ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡ ಕಟ್ಟೆ ಕಟ್ಟಿದ ಮೇಲೆ ಉಂಟಾದವಂತೆ. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಮಹಾರಾಜರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮ ಆಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಕರ್ನಾಟಕದಲ್ಲಿ ಮೊದಲು ಸೇರಿದ್ದು ಇದೇ. ಬೇಸಿಗೆಯಲ್ಲಿ ಇಲ್ಲಿನ ರಿವರ್ ಟರ್ನ್ ಹಕ್ಕಿಗಳು ಬರಿಯ ಬಂಡೆಯ ಮೇಲೇ ಮೊಟ್ಟೆ ಇಡುತ್ತವೆ, ಆಗ ಡ್ಯಾಂನಿಂದ ಇದ್ದಕ್ಕಿದ್ದಂತೆ ನೀರು ಬಿಟ್ಟರೆ ಮೊಟ್ಟೆ ಕೊಚ್ಚಿಕೊಂಡು ಹೋಗುತ್ತವೆ ಅಂತ ಹೇಳಿದರು. ಇದನ್ನು ಕೇಳಿದಾಗಿನಿಂದ ಪೇಪರ್‌ನಲ್ಲಿ ಹೊರಹರಿವಿನ ಸಂಖ್ಯೆ ಕಂಡರೆ ನನಗೆ ಆ ಬಂಡೆಗಳು ನೆನಪಾಗುತ್ತವೆ.

ಅಲ್ಲಿಂದ ಶಿವನಸಮುದ್ರಕ್ಕೆ ಹೆದ್ದಾರಿ ಹಿಡಿಯಲಿಲ್ಲ. ಶ್ರೀರಂಗಪಟ್ಟಣ, ಅರಕೆರೆ, ಬನ್ನೂರು, ಮಳವಳ್ಳಿ. ಎರಡು ಗಂಟೆ ಹತ್ತಿರ ಹಿಡಿಯುತ್ತದೆ. ಎರಡೂ ಕಡೆ ನಾಲೆ ನೀರಿನ ಭತ್ತದ ಗದ್ದೆ, ಕಬ್ಬು, ತೆಂಗು. ಶ್ರೀರಂಗಪಟ್ಟಣ ದಾಟುವಾಗ ಗೈಡ್, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಕಥೆ ಶುರು ಮಾಡಿದರು. ಒಡವೆಗೋಸ್ಕರ ಮೈಸೂರಿನ ದೊರೆ ರಾಜ ಒಡೆಯರ ಕಡೆಯವರು ಅವಳನ್ನು ಹುಡುಕಿಕೊಂಡು ಹೊರಟರು ಅನ್ನುವವರೆಗೆ ಬಂದು ನಿಲ್ಲಿಸಿದರು. "ಮಿಕ್ಕಿದ್ದು ತಲಕಾಡಲ್ಲಿ ಹೇಳ್ತೀನಿ ಅಮ್ಮಾ" ಅಂದರು. ಅಮ್ಮನಿಗೆ ಗೊತ್ತಿದ್ದ ಕಥೆಯೇ, ಆದರೂ ಕಾಯುತ್ತಾ ಕೂತರು.

ದಾರಿಯಲ್ಲಿ ಒಂದು ಆಲೆಮನೆ. ಇದು ಯಾವ ಪ್ಯಾಕೇಜ್‌ನಲ್ಲೂ ಇರುವುದಿಲ್ಲ. ನನ್ನನ್ನು ಕೇಳಿದರೆ ಇಡೀ ದಿನದಲ್ಲಿ ಗೈಡ್‌ಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು. ಹೊಗೆ ನೋಡಿ ಅವರೇ ಗಾಡಿ ನಿಲ್ಲಿಸಿದರು, ಒಳಗೆ ಹೋಗಿ ಮಾತಾಡಿ ಬಂದು ನಮ್ಮನ್ನು ಕರೆದರು. ಅರೆದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುತ್ತಾರೆ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ನೊರೆ ತೆಗೆಯುತ್ತಾ ಇರುತ್ತಾರೆ, ಪಾಕ ಹದಕ್ಕೆ ಬಂತೋ ಅಂತ ಒಬ್ಬ ಹಿರಿಯರು ನೀರಿಗೆ ಒಂಚೂರು ಬಿಟ್ಟು ಬೆರಳಲ್ಲಿ ಹಿಚುಕಿ ನೋಡಿದರು, ಅವರು ತಲೆ ಆಡಿಸಿದ ಮೇಲೆಯೇ ಉಳಿದವರು ಕೊಪ್ಪರಿಗೆ ಇಳಿಸಿದ್ದು. ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿ ಹುಡುಗನ ಕೈಗೆ ಕೊಟ್ಟರು. ಅಪ್ಪ ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಕಬ್ಬಿನ ರೇಟು, ಕೂಲಿ, ಯಾವ ತಳಿ, ಎಲ್ಲಾ ವಿಚಾರಿಸಿದರು. ಬೆಲ್ಲ ಕೊಂಡುಕೊಂಡು ಹೊರಟೆವು. ಹೀಗೆ ನುಗ್ಗುವಾಗ ಕೇಳಿಕೊಂಡು ಒಳಗೆ ಹೋಗಿ, ಒಲೆ ಹತ್ತಿರ ಮಕ್ಕಳನ್ನು ಬಿಡಬೇಡಿ, ಏನಾದರೂ ಕೊಂಡೇ ಬನ್ನಿ. ಅದು ಅವರ ಕೆಲಸದ ಜಾಗ.

ಗಗನಚುಕ್ಕಿ ಮುಟ್ಟಿದಾಗ ಮಧ್ಯಾಹ್ನ. ನದಿ ಇಲ್ಲಿ ಎರಡು ಸೀಳಾಗಿ ದ್ವೀಪವನ್ನು ಬಳಸಿಕೊಂಡು ಹೋಗುತ್ತದೆ. ಒಂದು ಸೀಳು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಗಗನಚುಕ್ಕಿಯನ್ನು ಚೆನ್ನಾಗಿ ನೋಡಲು ಮಳವಳ್ಳಿ ಕಡೆಯ ವೀಕ್ಷಣಾ ಜಾಗಕ್ಕೇ ಬರಬೇಕು. ಎದುರಿನ ದಡದಲ್ಲಿ ದರ್ಗಾ ಇದೆ, ಅಲ್ಲಿಂದ ಬಂಡೆ ಮೇಲೆ ಇಳಿದು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ದಯವಿಟ್ಟು ಆ ಸಾಹಸ ಬೇಡ, ಫೋಟೋಗೋಸ್ಕರ ಅಂತೂ ಬೇಡವೇ ಬೇಡ. ಮೇಲಿನಿಂದಲೇ ನೀರಿನ ತುಂತುರು ಮುಖಕ್ಕೆ ಬರುತ್ತದೆ. ನಾವು ಮನೆಯಿಂದ ತಂದ ಚಿತ್ರಾನ್ನ, ಮೊಸರನ್ನ ಬಿಚ್ಚಿದೆವು, ಗೈಡ್ ಅಣ್ಣ, ಡ್ರೈವರ್ ಅಣ್ಣ ಜೊತೆಗೇ ಕೂತು ಊಟ ಮಾಡಿದರು. ಮಂಗಗಳಿವೆ, ಚೀಲ ಬಿಗಿಯಾಗಿ ಹಿಡಿದುಕೊಳ್ಳಿ.

ಅಪ್ಪ ಕರೆಂಟ್ ಇಲಾಖೆಯಲ್ಲಿ ಕೆಲಸ ಮಾಡಿದವರು. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು, ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ 1905ರಲ್ಲಿ ಅಂತ ಅವರೇ ಗೈಡ್‌ಗೆ ಹೇಳತೊಡಗಿದರು. ಗೈಡ್ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: ಕರೆಂಟ್‌ಗೆ ಅಂತ ನೀರನ್ನು ಜಲಪಾತಕ್ಕಿಂತ ಮೇಲೆಯೇ ಕಾಲುವೆಗೆ ತಿರುಗಿಸುತ್ತಾರೆ, ಬೇಸಿಗೆಯಲ್ಲಿ ಬಂದವರಿಗೆ ಬಂಡೆ ಮಾತ್ರ ಕಾಣುವುದಕ್ಕೆ ಅದೂ ಕಾರಣ. ಇಬ್ಬರೂ ಸುಮಾರು ಹೊತ್ತು ಮಾತಾಡಿದರು. ಇಂಥ ಮಾತುಕತೆಗೆ ಬಿಡುವು ಸಿಗುವುದು ಜಾಗ ಕಮ್ಮಿ ಇಟ್ಟುಕೊಂಡರೆ ಮಾತ್ರ.

ಎರಡು ಜಲಪಾತಗಳು ಅಕ್ಕಪಕ್ಕ ಅನಿಸಿದರೂ ರಸ್ತೆಯಲ್ಲಿ ಸುತ್ತಿಕೊಂಡು ಹೋಗಲು ಹತ್ತು ಕಿ.ಮೀ.ಗಿಂತ ಜಾಸ್ತಿ. ಜಿಲ್ಲೆಯೂ ಬದಲಾಗುತ್ತದೆ, ಮಂಡ್ಯ ಮುಗಿದು ಚಾಮರಾಜನಗರ. ಆ ದ್ವೀಪದಲ್ಲೇ ಮಧ್ಯರಂಗ ಇರುವುದು. ಕಾವೇರಿಯ ಮೂರು ದ್ವೀಪಗಳಲ್ಲಿ ಮೂವರು ರಂಗನಾಥರು, ಶ್ರೀರಂಗಪಟ್ಟಣದಲ್ಲಿ ಆದಿರಂಗ, ಇಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಅಮ್ಮನಿಗೆ ಆದಿರಂಗನ ದರ್ಶನ ಎಷ್ಟೋ ಸಲ ಆಗಿದೆ, ಮಧ್ಯರಂಗ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಜಲಪಾತಕ್ಕೆ ಬರುವ ಜನ ಈ ಗುಡಿಯ ಮುಂದೆಯೇ ಹಾದು ಹೋಗುತ್ತಾರೆ, ಒಳಗೆ ಬರುವವರು ಕಮ್ಮಿ. ಜಗನ್ಮೋಹನ ರಂಗನಾಥ ಅಂತ ಹೆಸರು, ಹೆಸರಿಗೆ ತಕ್ಕ ಹಾಗೇ ಇದ್ದಾನೆ. ಅಮ್ಮನ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು.

ಭರಚುಕ್ಕಿಯಲ್ಲಿ ಕೆಳಗೆ ಇಳಿಯಲು ತುಂಬಾ ಮೆಟ್ಟಿಲು. ಅಮ್ಮ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇಲ್ಲ. ಇದು ಗಗನಚುಕ್ಕಿಯಷ್ಟು ಎತ್ತರ ಇಲ್ಲ, ಅಗಲಕ್ಕೆ ಹರಡಿಕೊಂಡು ಬೀಳುತ್ತದೆ, ಹಾಗಾಗಿ ಮೇಲಿನಿಂದಲೇ ಪೂರ್ತಿ ಕಾಣುತ್ತದೆ. ನೀರು ಜೋರಿದ್ದರಿಂದ ತೆಪ್ಪ ನಿಲ್ಲಿಸಿದ್ದರು. ಹುಡುಗನಿಗೆ ನಿರಾಸೆ ಆಯಿತು, ಗೈಡ್ ಒಂದು ಮಾತಿಗೂ "ನೋಡೋಣ, ಹೇಳಿ ಮಾಡಿಸ್ತೀನಿ" ಅನ್ನಲಿಲ್ಲ. ಅವರ ಮೇಲೆ ನನಗಿದ್ದ ಗೌರವ ಇನ್ನೂ ಜಾಸ್ತಿಯಾಯಿತು.

ತಲಕಾಡಿಗೆ ಬೇಕಂತಲೇ ಸಂಜೆ ಇಟ್ಟುಕೊಂಡಿದ್ದರು. ಬಿಸಿಲಲ್ಲಿ ಆ ಮರಳು ಕಾಲಿಡಲು ಆಗುವುದಿಲ್ಲ, ನಾಲ್ಕೂವರೆ ಮೇಲೆ ಹಿತವಾಗಿರುತ್ತದೆ. ಮರಳ ರಾಶಿ ನಡುವೆ ತಗ್ಗಿನಲ್ಲಿ ಗುಡಿಗಳು. ಇಲ್ಲಿ ಕಥೆಯ ಉಳಿದರ್ಧ ಬಂತು. ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಅಲಮೇಲಮ್ಮ ಮಡುವಿಗೆ ಹಾರಿದಳು, ಹಾರುವ ಮುಂಚೆ ಶಾಪ ಕೊಟ್ಟಳು: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ. ಹೇಳಿ ಮುಗಿಸಿ ನದಿಯ ಆಚೆಗೆ ಕೈ ತೋರಿಸಿ, "ಅದೇ ಮಾಲಂಗಿ" ಅಂದರು. ಪುಸ್ತಕದಲ್ಲಿ ಓದಿದ್ದಕ್ಕೂ ಮರಳಲ್ಲಿ ನಿಂತು ಕೇಳುವುದಕ್ಕೂ ಎಷ್ಟು ವ್ಯತ್ಯಾಸ! ನದಿ ಇಲ್ಲಿ ದೊಡ್ಡದಾಗಿ ತಿರುಗುತ್ತದೆ, ಬೇಸಿಗೆಯಲ್ಲಿ ಒಣಗಿದ ಮರಳನ್ನು ಗಾಳಿ ಊರ ಮೇಲೆ ತಂದು ಹಾಕಿದೆ ಅನ್ನುವುದನ್ನೂ ಅವರೇ ವಿವರಿಸಿದರು, ಕಥೆಯನ್ನು ಕಥೆಯಾಗಿ ಬಿಟ್ಟರು. ನೀರಿಗೆ ಇಳಿಯುವ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಮಂಡಿಗಿಂತ ಮೇಲೆ ಬೇಡ, ಅದೂ ಅವರು ತೋರಿಸಿದ ಜಾಗದಲ್ಲಿ ಮಾತ್ರ. ಮೇಲೆ ನೋಡಲು ಶಾಂತವಾಗಿದ್ದರೂ ಒಳಗೆ ಗುಂಡಿಗಳಿವೆ.

ನರಸೀಪುರದ ಮೇಲೆ ವಾಪಸು ಬಂದು ಏಳೂವರೆಗೆ ಮೈಸೂರಲ್ಲಿದ್ದೆವು. ಸೋಮನಾಥಪುರ ಬಿಟ್ಟಿದ್ದಕ್ಕೆ ಅಕ್ಕನಿಗೆ ಸ್ವಲ್ಪ ಬೇಸರ. ಆ ಗುಡಿಗೆ ಅರ್ಧ ದಿನ ಬೇರೆಯೇ ಕೊಡಬೇಕು, ಓಡುತ್ತಾ ನೋಡುವುದಲ್ಲ ಅಂತ ನನ್ನ ಅಭಿಪ್ರಾಯ.

ಜನವರಿ ಆದ ಮೇಲೆ ಹೋಗುವವರು ಇದೇ ದಾರಿ ಹಿಡಿಯಬೇಡಿ. ಆಗ ಜಲಪಾತ ಬಿಟ್ಟುಬಿಡಿ. ಬೆಳಗ್ಗೆ ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಕೊಕ್ಕರೆಗಳನ್ನು ನೋಡಿ, ಅಲ್ಲಿಂದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಊರೊಳಗಿನ ಮರಗಳಲ್ಲೇ ಗೂಡು ಮಾಡುತ್ತವೆ, ಊರಿನವರು ಅವನ್ನು ಮನೆ ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಗೈಡ್‌ಗೆ ಫೋನ್ ಮಾಡಿದಾಗ ನೀರಿನ ಬದಲು ಹಕ್ಕಿಯ ಬಗ್ಗೆ ಕೇಳಿ: ಈ ವಾರ ಬೆಳ್ಳೂರಲ್ಲಿ ಮರಿ ಆಗಿವೆಯಾ, ಯಾವ ಬೀದಿಯ ಮರದಲ್ಲಿ? ಬೀದಿ ಹೇಳಿದವರನ್ನು ಗೊತ್ತು ಮಾಡಿಕೊಳ್ಳಿ.