ಶನಿವಾರದ ಕುಮಾರವ್ಯಾಸ: ನಾವು ಓದಿದ ಬಗೆ

ಕುಮಾರವ್ಯಾಸ ಭಾರತ ಎಷ್ಟೋ ಮನೆಗಳಲ್ಲಿದೆ, ಆದರೆ ಬೀರುವಿನಲ್ಲಿದೆ. ಅಜ್ಜನ ಕಾಲದ್ದು, ಇಲ್ಲವೇ ಯಾರೋ ಉಡುಗೊರೆ ಕೊಟ್ಟದ್ದು. ಆಸೆಯಿಂದ ತೆಗೆದು, ನಾಲ್ಕು ಪದ್ಯ ಓದಲು ಹೋಗಿ, ನಾಲಿಗೆ ತೊಡರಿ ಮುಚ್ಚಿಟ್ಟವರೇ ಜಾಸ್ತಿ. ನಮ್ಮ ಅಪಾರ್ಟ್‌ಮೆಂಟಿನ ಒಂದಷ್ಟು ಜನ ಶನಿವಾರ ಸಂಜೆ ಸೇರಿ ಅದನ್ನು ಗಟ್ಟಿಯಾಗಿ ಓದಿಕೊಂಡು ಬಂದಿದ್ದೇವೆ. ಓದುವವಳು ನಾನು. ನನ್ನ ಕೆಲಸ ಲೆಕ್ಕಪತ್ರ ನೋಡುವುದು. ಗಮಕವನ್ನು, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಒಬ್ಬ ಮೇಷ್ಟ್ರ ಹತ್ತಿರ ಸ್ವಲ್ಪ ಕಲಿತಿದ್ದೇನೆ, ಅಷ್ಟೇ. ನೀವೂ ಶುರು ಮಾಡಬೇಕು ಅಂದುಕೊಂಡಿದ್ದರೆ ನಾವು ಮಾಡಿದ್ದು ಹೀಗೆ.

ಮೊದಲನೆಯದು, ಆದಿಪರ್ವದಿಂದ ಶುರು ಮಾಡಬೇಡಿ. ಹಲಗೆ ಬಳಪ ಹಿಡಿಯದೆ ಬರೆದೆ, ಒಮ್ಮೆ ಇಟ್ಟ ಪದ ಅಳಿಸಲಿಲ್ಲ ಅಂತ ಕವಿ ಎದೆ ತಟ್ಟಿಕೊಳ್ಳುವ ಪದ್ಯ ಅಲ್ಲೇ ಪೀಠಿಕೆಯಲ್ಲಿದೆ, ನಿಜ. ಆದರೆ ಆ ಜಂಬ ರುಚಿಸಬೇಕಾದರೆ ಒಳಗಿನದನ್ನು ಒಂದಷ್ಟು ಓದಿರಬೇಕು. ನಾವು ವಿರಾಟಪರ್ವ ಹಿಡಿದೆವು. ಮಳೆ ಕೈಕೊಟ್ಟರೆ ಹಳ್ಳಿಗಳಲ್ಲಿ ಓದಿಸುತ್ತಿದ್ದದ್ದೂ ಅದನ್ನೇ. ನಮಗೆ ಮಳೆಗಿಂತ ನಗು ಬೇಕಾಗಿತ್ತು. ಹೆಂಗಸರ ಮುಂದೆ ಬಡಾಯಿ ಕೊಚ್ಚಿಕೊಂಡು, ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನನ್ನು ಸಾರಥಿ ಮಾಡಿಕೊಂಡು ಹೊರಟ ಉತ್ತರ ಕುಮಾರ, ಕೌರವ ಸೇನೆ ಕಣ್ಣಿಗೆ ಬಿದ್ದ ಕೂಡಲೇ "ಶಿವ ಶಿವ ಕಾದಿ ಗೆಲಿದೆವು" ಅಂತ ದೂರದಿಂದಲೇ ಕೈಮುಗಿಯುತ್ತಾನೆ. ಆಮೇಲೆ ರಥದಿಂದ ಧುಮುಕಿ ಓಟ. ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕು. ಇದಕ್ಕೆ ವಿವರಣೆ ಹೇಳುವ ಅಗತ್ಯವೇ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೈಸ್ಕೂಲ್ ಹುಡುಗರು ನಕ್ಕಿದ್ದನ್ನು ನೋಡಿಯೇ ನನಗೆ ಧೈರ್ಯ ಬಂತು.

ಪುಸ್ತಕ ಯಾವುದು ಅಂತ ಕೇಳುತ್ತಾರೆ. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿ 1958ರಲ್ಲಿ ಮೈಸೂರು ಸರ್ಕಾರ ಹೊರತಂದ 'ಕರ್ಣಾಟ ಭಾರತ ಕಥಾಮಂಜರಿ'ಯ ಪಾಠ ನನಗೆ ಸಾಕಾಗಿದೆ. ಗೊತ್ತಿಲ್ಲದ ಪದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇದೆ. ಗದ್ಯಾನುವಾದ ಪಕ್ಕದಲ್ಲಿರಲಿ, ಆದರೆ ಅದನ್ನು ಮೊದಲು ಓದಬೇಡಿ. ಕಥೆ ಎಲ್ಲರಿಗೂ ಗೊತ್ತಿರುವುದೇ. ಯಾರು ಗೆಲ್ಲುತ್ತಾರೆ ಅಂತ ತಿಳಿಯಲು ಶನಿವಾರ ಸಂಜೆ ಯಾರೂ ಮೆಟ್ಟಿಲು ಹತ್ತಿ ಬರುವುದಿಲ್ಲ. ಕುಮಾರವ್ಯಾಸನ ಜನ ಮಾತಾಡುವ ರೀತಿ ಕೇಳಲು ಬರುತ್ತಾರೆ. ಗದ್ಯದಲ್ಲಿ ಮೊದಲು ಹಾರಿಹೋಗುವುದು ಆ ಮಾತಿನ ಖಾರವೇ.

ಇನ್ನು ನಾಲಿಗೆ ತೊಡರುವ ವಿಷಯ. ಇಡೀ ಕಾವ್ಯ ಇರುವುದು ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಛಂದಸ್ಸಿನಲ್ಲಿ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಮೂರು ನಾಲ್ಕು, ಮೂರು ನಾಲ್ಕು, ಅಷ್ಟೇ ಅದರ ನಡೆ. ಹ್ರಸ್ವ ಅಕ್ಷರ ಒಂದು ಮಾತ್ರೆ; ದೀರ್ಘ ಅಕ್ಷರ, ಇಲ್ಲವೇ ಒತ್ತಕ್ಷರದ ಹಿಂದಿನದು ಎರಡು ಮಾತ್ರೆ, ಅದೇ ಗುರು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 14 ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ ಅದೇ ನಡೆ ಇನ್ನೊಂದು ಸುತ್ತು ಹೋಗಿ, ಕೊನೆಗೆ ಒಂದು ಗುರುವಿನ ಮೇಲೆ ನಿಲ್ಲುತ್ತದೆ. ತೊಡಕು ಬರುವುದು ಬೇರೆ ಕಡೆ. ಸಾಲು ಮುಗಿದ ಕಡೆ ಮಾತು ಮುಗಿದಿರುವುದಿಲ್ಲ. ಎಷ್ಟೋ ಸಲ ಒಂದು ಪದವೇ ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನ ಸಾಲಿನಲ್ಲಿ ಇರುತ್ತದೆ. ಕಣ್ಣು ಸಾಲಿನ ತುದಿಗೆ ನಿಂತರೆ ಅರ್ಥ ಕೆಡುತ್ತದೆ. ಅದಕ್ಕೆ ನಾನು ಶುಕ್ರವಾರ ರಾತ್ರಿಯೇ ಪೆನ್ಸಿಲ್ ಹಿಡಿದು ಕೂರುತ್ತೇನೆ. ಉಸಿರು ತೆಗೆದುಕೊಳ್ಳುವ ಕಡೆ ಒಂದು ಗೀಟು, ಮಾತಾಡುವವರು ಬದಲಾಗುವ ಕಡೆ ಎರಡು ಗೀಟು. ಇಷ್ಟು ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಒಂದು ಪದ್ಯ ತೋರಿಸುತ್ತೇನೆ. ಉದ್ಯೋಗಪರ್ವದಲ್ಲಿ ಸಂಧಾನ ಮುರಿದು ಬಿದ್ದ ಮೇಲೆ ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು ಅವನ ಹುಟ್ಟಿನ ಗುಟ್ಟು ಹೇಳುತ್ತಾನಲ್ಲ, ಅಲ್ಲಿಯದು:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

ಬೆರಳಿನಲ್ಲಿ ಎಣಿಸಿ ನೋಡಿ. ಕೊರಳ, ಸೆರೆಹಿಗ್, ಗಿದವು, ದೃಗುಜಲ. ಮೂರು, ನಾಲ್ಕು, ಮೂರು, ನಾಲ್ಕು. ಪ್ರತಿ ಸಾಲಿನ ಎರಡನೇ ಅಕ್ಷರ ರಕಾರ, ಅದು ಪ್ರಾಸ. ಇನ್ನು ಐದನೇ ಸಾಲಿನ ತುದಿ ನೋಡಿ. "ವಂಶವ" ಅಂತ ನಿಲ್ಲಿಸಿಬಿಟ್ಟರೆ "ನರುಹಿ" ಯಾವುದೋ ಹೊಸ ಪದದ ಹಾಗೆ ಕೇಳುತ್ತದೆ. ಉಸಿರು ಬಿಡದೆ "ತನ್ನ ವಂಶವನರುಹಿ ಕೊಂದನು" ಅಂತ ಒಟ್ಟಿಗೆ ಓದಿ. ನನ್ನ ವಂಶ ಯಾವುದು ಅಂತ ತಿಳಿಸಿ ನನ್ನನ್ನು ಕೊಂದುಬಿಟ್ಟ! ಯುದ್ಧ ಇನ್ನೂ ಶುರುವೇ ಆಗಿಲ್ಲ. ಬಾಣ ಬಿಟ್ಟಿಲ್ಲ, ರಥದ ಚಕ್ರ ಹೂತಿಲ್ಲ. ಕರ್ಣನಿಗೆ ಮಾತ್ರ ತಾನು ಸತ್ತದ್ದು ಗೊತ್ತಾಗಿದೆ. ಅಷ್ಟು ಸಂಕಟದಲ್ಲೂ ಅವನ ಮನಸ್ಸಿಗೆ ಮೊದಲು ಬರುವುದು ಕುರುಪತಿಗೆ, ಅಂದರೆ ದುರ್ಯೋಧನನಿಗೆ, ಕೇಡಾಯಿತಲ್ಲ ಅನ್ನುವ ಮಾತು.

ಇದೇ ಭಾಗ ಹತ್ತನೇ ತರಗತಿಯ ಪಾಠಪುಸ್ತಕದಲ್ಲಿ 'ಕೌರವೇಂದ್ರನ ಕೊಂದೆ ನೀನು' ಅನ್ನುವ ಹೆಸರಿನಲ್ಲಿತ್ತು. ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸದ ಹುಡುಗನೊಬ್ಬನಿಗೆ ಪೂರ್ತಿ ಬಾಯಿಪಾಠ. ಪರೀಕ್ಷೆಗೆ ಉರು ಹೊಡೆದದ್ದು. "ಅಂಕ ಬಂತು ಮೇಡಂ, ಅಳು ಬಂದದ್ದು ಇವತ್ತು" ಅಂದ. ಪಾಠಪುಸ್ತಕವನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅಲ್ಲಿ ಕಲಿತಿರದಿದ್ದರೆ ಇಲ್ಲಿ ಅವನಿಗೆ ಅಷ್ಟು ಬೇಗ ತಟ್ಟುತ್ತಿರಲಿಲ್ಲ.

ಈ ಪದ್ಯಕ್ಕೆ ಬರುವ ಮುಂಚಿನದನ್ನೂ ಬಿಡಬೇಡಿ. ಕೃಷ್ಣ ಕರ್ಣನ ಜೊತೆ "ಮೈದುನತನದ ಸರಸ" ಮಾಡಿ, ಬರಸೆಳೆದು ರಥದಲ್ಲಿ ತನ್ನ ಪಕ್ಕ ಕೂರಿಸಿಕೊಳ್ಳುತ್ತಾನೆ. ನಿಮಗೆ ಸರಿಸಮನಾಗಿ ಕೂರಲು ಅಂಜಿಕೆ ಅನ್ನುತ್ತಾನೆ ಕರ್ಣ. ಕೃಷ್ಣ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿಯುತ್ತಾನೆ. ಇದನ್ನು ಓದಿದಾಗ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು "ಸಹಿ ಹಾಕಿಸಿಕೊಳ್ಳಲು ಬಂದವರು ಹೀಗೇ ಕೂರುತ್ತಿದ್ದರು" ಅಂದರು. ಇಡೀ ಹಾಲ್ ನಕ್ಕಿತು. ಆ ನಗುವಿನ ಬೆನ್ನಿಗೇ ಕೊರಳ ಸೆರೆಯ ಪದ್ಯ ಬಂದರೆ ಅದರ ಏಟೇ ಬೇರೆ.

ರಾಗದ ಬಗ್ಗೆ ಎರಡು ಮಾತು. ಗಮಕದಲ್ಲಿ ತಾಳ ಇಲ್ಲ, ಪಲ್ಲವಿ ಇಲ್ಲ. ರಾಗ ಇರುವುದು ಮಾತನ್ನು ಹೊತ್ತು ತರಲು, ತಾನು ಮೆರೆಯಲು ಅಲ್ಲ. ಕೃಷ್ಣನ ಸರಸವನ್ನು ನಾನು ಮೋಹನದಲ್ಲಿ ಓದುತ್ತೇನೆ, ಕೊರಳ ಸೆರೆಗೆ ಬಂದಾಗ ಮುಖಾರಿಗೆ ಇಳಿಯುತ್ತೇನೆ. ಕರ್ಣ ಅಂದ ಕೂಡಲೇ ಮೊದಲ ಪದ್ಯದಿಂದಲೇ ಅಳುವ ರಾಗ ಹಿಡಿಯುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಹಾಡಲು ಬರದಿದ್ದರೆ ಸುಮ್ನೆ ಲಯ ಹಿಡಿದು ಓದಿ, ಏನೂ ನಷ್ಟ ಇಲ್ಲ. ಕಿವಿ ಪಳಗಿಸಿಕೊಳ್ಳಲು ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರ ವಾಚನದ ರೆಕಾರ್ಡಿಂಗ್ ಕೇಳಿ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತ್ತು. ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ.

ನಮ್ಮ ಪದ್ಧತಿ ಹೀಗಿದೆ. ಮೊದಲು ಪದ್ಯವನ್ನು ಪೂರ್ತಿ ಓದುವುದು. ಅರ್ಥ ಆಗಲಿ ಬಿಡಲಿ, ನಡುವೆ ನಿಲ್ಲಿಸುವುದಿಲ್ಲ. ಆಮೇಲೆ ಪದ ಬಿಡಿಸಿ ಹೇಳುವುದು, ಮತ್ತೆ ಒಮ್ಮೆ ಓದುವುದು. ಎರಡನೇ ಓದಿಗೆ ಮುಖಗಳು ಬದಲಾಗಿರುತ್ತವೆ. ಒಂದು ಸಂಜೆಗೆ ಹತ್ತು ಹದಿನೈದು ಪದ್ಯ ಸಾಕು. ವ್ಯಾಖ್ಯಾನ ಮಾಡುವವರು ವೇದಾಂತಕ್ಕೆ ಹೊರಟರೆ ಮೆಲ್ಲಗೆ ಕಾಫಿ ಲೋಟ ಮುಂದಿಡಿ.

ಹಾರಿಸಬಹುದಾದ ಭಾಗಗಳೂ ಇವೆ. ಯುದ್ಧಪರ್ವಗಳಲ್ಲಿ ಬಾಣಗಳ ಮಳೆ, ತಲೆಗಳ ಉರುಳಾಟ ಪುಟಗಟ್ಟಲೆ ಬರುತ್ತದೆ. ದ್ರೋಣಪರ್ವದಲ್ಲಿ ಅಭಿಮನ್ಯುವಿನ ಭಾಗ ಬಿಡಲಿಲ್ಲ, ಉಳಿದದ್ದರಲ್ಲಿ ಧಾರಾಳವಾಗಿ ಕೈಬಿಟ್ಟೆವು. ಕವಿಗೆ ಅವಮಾನ ಅಂತ ಒಬ್ಬರು ಬೇಜಾರು ಮಾಡಿಕೊಂಡರು. ನನಗೇನೂ ಹಾಗನ್ನಿಸಲಿಲ್ಲ.

ಯಾರೂ ಹಾರಿಸಲು ಬಿಡದ ಭಾಗ ಕೀಚಕನದು. ವಿರಾಟನ ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದೆಯುತ್ತಾನೆ. ರಾಜನಿಗೆ ಅವನು ಮೈದುನ, ಬಾಯಿ ಬಿಡುವುದಿಲ್ಲ. ಕಂಕನ ವೇಷದಲ್ಲಿರುವ ಧರ್ಮರಾಜ ಅಲ್ಲೇ ಕೂತಿದ್ದರೂ ಅವಳನ್ನೇ ಒಳಗೆ ಹೋಗು ಅನ್ನುತ್ತಾನೆ. ರಾತ್ರಿ ಅವಳು ಅಡುಗೆಮನೆಗೆ ಹೋಗಿ, ವಲಲನಾಗಿ ಸೌಟು ಹಿಡಿದಿರುವ ಭೀಮನನ್ನು ಎಬ್ಬಿಸುತ್ತಾಳೆ. "ಗಂಡರೈವರು ಮೂರು ಲೋಕದ ಗಂಡರೊಬ್ಬಳನಾಳಲಾರಿರಿ" ಅನ್ನುತ್ತಾಳೆ. ಇಲ್ಲಿ ರಾಗ ಬೇಡ ಅಂತ ನಾನು ಬರೀ ಮಾತಿನ ಧಾಟಿಯಲ್ಲಿ ಓದಿದೆ. ಓದಿ ಮುಗಿಸಿದಾಗ, ಅಲ್ಲಿಯ ತನಕ ಒಂದು ಮಾತೂ ಆಡದಿದ್ದ ಹೆಣ್ಣುಮಗಳೊಬ್ಬಳು "ದೂರು ಕೊಟ್ಟರೆ ನಮ್ಮ ಆಫೀಸಲ್ಲೂ ಹೀಗೇ ಅಲ್ವಾ? ಮೇಲಿನವರು ಅವನ ನೆಂಟರು, ಒಳ್ಳೆಯವರು ಸುಮ್ನಿರು ಅಂತಾರೆ" ಅಂದಳು. ಅವತ್ತು ಮುಂದಿನ ಪದ್ಯಕ್ಕೆ ಹೋಗಲಿಲ್ಲ. ಹೆಂಗಸರೇ ಮಾತಾಡಿದರು, ಗಂಡಸರು ಕೇಳಿಸಿಕೊಂಡರು. ಕುಮಾರವ್ಯಾಸ ಹಾಡಿದರೆ ಕಲಿಯುಗ ದ್ವಾಪರವಾಗುತ್ತದೆ ಅಂದರು ಕುವೆಂಪು. ನಮ್ಮ ಹಾಲಿನಲ್ಲಿ ತಿರುಗಾಮುರುಗಾ ಆಯಿತು, ದ್ವಾಪರವೇ ಎದ್ದು ಕಲಿಯುಗಕ್ಕೆ ಬಂತು.

ಹದಿನೈದನೇ ಶತಮಾನದ ಕವಿ. ಹುಬ್ಬಳ್ಳಿ ಕಡೆಯ ಕೋಳಿವಾಡದವನು, ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದನಂತೆ. ಅವನಿಗೆ ಆಫೀಸು, ದೂರು, ಬ್ಯಾಂಕಿನ ಸಹಿ ಇದೆಲ್ಲ ಏನು ಗೊತ್ತು? ಸಭೆಯಲ್ಲಿ ಬಾಯಿ ಮುಚ್ಚಿ ಕೂರುವವರು ಗೊತ್ತಿತ್ತು, ತೊಡೆಗೆ ತೊಡೆ ತಾಗಿಸಿ ಕೂರುವವರು ಗೊತ್ತಿತ್ತು. ಅವರ ಮಾತನ್ನು ಅವರ ಬಾಯಿಂದಲೇ ಆಡಿಸಿದ.

ಅವನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ, ಒಟ್ಟು ಹತ್ತು ಪರ್ವ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ನಾವು ಅದಕ್ಕೆ ಕೈಹಾಕುವ ಯೋಚನೆಯಲ್ಲಿಲ್ಲ. ಸದ್ಯ ದುರ್ಯೋಧನ ಕೊಳದಲ್ಲಿ ಅಡಗಿದ್ದಾನೆ. ಅವನ ಪರ ಒಂದು ಗುಂಪು ಕಟ್ಟಿಕೊಂಡು ಲಿಫ್ಟಿನಲ್ಲೂ ವಾದ ನಡೆಸಿದೆ. ಇದು ಮುಗಿದ ಮೇಲೆ ಏನು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಹಿರಿಯರಿಗೆ ಲಕ್ಷ್ಮೀಶನ ಜೈಮಿನಿ ಭಾರತ ಬೇಕು, ಅದರಲ್ಲೂ ಚಂದ್ರಹಾಸನ ಕಥೆ. ಅದು ವಾರ್ಧಕ ಷಟ್ಪದಿ, ಸಾಲು ಉದ್ದ, ನನ್ನ ಉಸಿರು ಸಾಲುತ್ತದೋ ಇಲ್ಲವೋ ನೋಡಬೇಕು. ಹುಡುಗರು ಸಭಾಪರ್ವದ ಜೂಜನ್ನು ಇನ್ನೊಮ್ಮೆ ಓದಿ ಅನ್ನುತ್ತಿದ್ದಾರೆ. ನನ್ನ ವೋಟೂ ಅದಕ್ಕೇ.