ಉಗುಳಲು ಬಾರದ ಮಕ್ಕಳಿಗೆ ಪೇಸ್ಟ್: ನಮ್ಮ ಡೇಕೇರ್‌ನ ಲೆಕ್ಕ

ಎರಡು ವರ್ಷದ ಮಕ್ಕಳಿಗೆ ಹುಳುಕು ತಡೆಯುವ ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜುತ್ತೀವಿ ಅಂದಾಗ ಮೈಸೂರಿನ ಬೇರೆ ಡೇಕೇರ್‌ನವರೂ, ನಮ್ಮ ಪೋಷಕರೂ ಹೇಳಿದ್ದು ಒಂದೇ ಮಾತು: "ಉಗುಳೋಕೇ ಬರಲ್ಲ, ಎಲ್ಲಾ ನುಂಗಿಬಿಡ್ತವೆ." ನುಂಗುತ್ತವೆ, ನಿಜ. ನುಂಗಿದರೂ ಏನೂ ಆಗದಷ್ಟೇ ಹಾಕಬೇಕು, ಅದನ್ನು ದೊಡ್ಡವರ ಕೈಯೇ ಹಾಕಬೇಕು. ಈಗ ಹದಿನಾಲ್ಕು ಮಕ್ಕಳು, ಇಬ್ಬರು ಆಯಾಗಳು. ಮಧ್ಯಾಹ್ನ ಊಟ ಮುಗಿದು ಮಲಗಿಸುವ ಮುಂಚೆ ಇಪ್ಪತ್ತೈದು ನಿಮಿಷದಲ್ಲಿ ಎಲ್ಲ ಬಾಯಿಯೂ ಮುಗಿಯುತ್ತೆ. ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಾನಿನ್ನೂ ನೋಡಿಲ್ಲ.

ಮೂರು ತುಂಬುವವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು, ಇದು ಎಲ್ಲರಿಗೂ ಗೊತ್ತು. ಲೆಕ್ಕದಲ್ಲಿ ಆ ಅಕ್ಕಿಕಾಳು ಅಂದರೆ ಸುಮಾರು 0.1 ಗ್ರಾಂ ಪೇಸ್ಟ್. 1000 ಪಿಪಿಎಂ ಪೇಸ್ಟ್ (ಗ್ರಾಂಗೆ 1 ಮಿಲಿಗ್ರಾಂ ಫ್ಲೋರೈಡ್ ಇರುವುದು) ಆದರೆ ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಆದರೆ ಕೈ ಲೆಕ್ಕ ಕೇಳಲ್ಲ. ಅಶೋಕ ರಸ್ತೆಯ ಚಿನ್ನದಂಗಡಿಯೊಂದರ ತಕ್ಕಡಿಯಲ್ಲಿ ಹಾಕಿ ನೋಡಿದಾಗಲೇ ಗೊತ್ತಾಗಿದ್ದು: ಆಯಾಗಳು "ಸ್ವಲ್ಪವೇ" ಅಂತ ಹಾಕಿದ್ದ ಹತ್ತು ಚುಕ್ಕಿ ನಾಲ್ಕು ಗ್ರಾಂ ಹತ್ತಿರ ತೂಗಿತು, ಅಂದರೆ ನಾಲ್ಕು ಪಟ್ಟು. ಒಣ ಸೋನಾ ಮಸೂರಿ ಕಾಳನ್ನು ಪಕ್ಕದಲ್ಲಿಟ್ಟು ಅಷ್ಟೇ ಅಷ್ಟು ಹಾಕಿದರೆ ಹತ್ತು ಚುಕ್ಕಿಗೆ ಕಾಲು ಗ್ರಾಂ ಕೂಡ ಬರಲ್ಲ. ಬೆಂದ ಅನ್ನದ ಅಗುಳಿನಷ್ಟು ಹಾಕಿದರೆ ಒಂದು ಗ್ರಾಂಗೆ ಸ್ವಲ್ಪ ಕಮ್ಮಿ. ಹಾಗಾದರೆ ಸರಿಯಾದ ಅಳತೆ ಅಗುಳು. ಆದರೂ ಆಯಾಗಳಿಗೆ "ಅಕ್ಕಿಕಾಳು" ಅಂತಲೇ ಹೇಳಿ. ಅಕ್ಕಿಕಾಳು ಅಂದರೆ ಅಗುಳಿನಷ್ಟು ಹಾಕ್ತಾರೆ, ಅಗುಳು ಅಂದರೆ ಕಡಲೆಕಾಳಿನಷ್ಟು ಹಾಕ್ತಾರೆ.

ಸಿರಿಂಜ್ ಕೂಡ ಪ್ರಯತ್ನಿಸಿದ್ದಾಯಿತು. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ 1 ಎಂಎಲ್‌ನದು, ಸೂಜಿ ತೆಗೆದು, ಹಿಂದಿನಿಂದ ಪೇಸ್ಟ್ ತುಂಬಿ. ಪೇಸ್ಟ್ ನೀರಿಗಿಂತ ಭಾರ, ಹಾಗಾಗಿ 0.1 ಗ್ರಾಂ ಬೇಕಾದರೆ 0.08 ಗೆರೆ. ಜೆಲ್ ಚೆನ್ನಾಗಿ ಬರುತ್ತೆ. ಬಿಳಿ ಪೇಸ್ಟ್‌ನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಒಮ್ಮೆ ಏನೂ ಬರಲ್ಲ, ಇನ್ನೊಮ್ಮೆ ಚಿಮ್ಮುತ್ತೆ. ಎರಡು ವಾರಕ್ಕೆ ಬಿಟ್ಟೆವು. ಕೈಗೆ ಅಳತೆ ಕಲಿಸೋದಕ್ಕೆ ಮಾತ್ರ ಅದು ಒಳ್ಳೆಯದು.

ಈಗಿನ ಕ್ರಮ ಬಾಳೆ ಎಲೆ. ಟ್ಯೂಬಿನ ಬಾಯಿಯನ್ನು ಒಬ್ಬರ ಬ್ರಷ್ಷಿಗೆ ತಗುಲಿಸಿ ಅದನ್ನೇ ಇನ್ನೊಬ್ಬರ ಬ್ರಷ್ಷಿಗೆ ತಗುಲಿಸಿದರೆ ಎಲ್ಲ ಮಕ್ಕಳ ಎಂಜಲೂ ಒಂದಾಗುತ್ತೆ, ಶೀತ ಹರಡೋದೂ ಹಾಗೇ. ಆದ್ದರಿಂದ ಎಲೆಯನ್ನು ಎರಡಿಂಚು ಚೌಕವಾಗಿ ಕತ್ತರಿಸಿ, ಹದಿನಾಲ್ಕು ತುಂಡಿನ ಮೇಲೂ ಮೊದಲೇ ಒಂದೊಂದು ಚುಕ್ಕಿ ಇಟ್ಟು, ಟ್ಯೂಬ್ ಮುಚ್ಚಿ ಮೇಲಿನ ಕಪಾಟಿಗೆ ಸೇರಿಸಿಯೇ ಮಕ್ಕಳನ್ನು ಕರೆಯೋದು. ಎಲೆಯ ಮೇಣದಂಥ ಮೈಯಿಂದ ಪೇಸ್ಟ್ ಪೂರ್ತಿ ಬ್ರಷ್ಷಿಗೆ ಎದ್ದು ಬರುತ್ತೆ. ನ್ಯೂಸ್‌ಪೇಪರ್ ಅರ್ಧ ಹೀರಿಕೊಳ್ಳುತ್ತೆ, ಮೇಲಿಂದ ಮಸಿ. ಪೇಸ್ಟನ್ನು ಬ್ರಷ್ಷಿನ ಉದ್ದಕ್ಕೆ ಸವರದೆ ಅಡ್ಡಡ್ಡ ಒತ್ತಿ ಎಳೆಗಳ ಒಳಗೆ ಇಳಿಸಬೇಕು. ಮೇಲೇ ಕೂತಿದ್ದರೆ ಮಗು ಮೊದಲ ಸೆಕೆಂಡಿಗೇ ನೆಕ್ಕಿ ಮುಗಿಸುತ್ತೆ, ಹಲ್ಲಿಗೆ ಏನೂ ಉಳಿಯಲ್ಲ.

ಮಲಗಿಸಿ ಉಜ್ಜಿದರೆ ಬಾಯೊಳಗೆ ಚೆನ್ನಾಗಿ ಕಾಣುತ್ತೆ, ಆದರೆ ನೊರೆಯೆಲ್ಲ ಗಂಟಲಿಗೆ ಇಳಿಯುತ್ತೆ. ನಾವು ಕೂರಿಸಿ, ಮಗುವಿನ ಬೆನ್ನು ನಮ್ಮ ಎದೆಗೆ ಒರಗುವಂತೆ ಇಟ್ಟು, ಗದ್ದವನ್ನು ಒಂಚೂರು ಕೆಳಗೆ ಬಾಗಿಸ್ತೀವಿ. ಜೊಲ್ಲು ಮುಂದಕ್ಕೆ ಸುರಿಯುತ್ತೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಆಯ್ತು. ನೀರು ಮುಕ್ಕಳಿಸಲ್ಲ. ಹಲ್ಲಿನ ಮೇಲೆ ತೆಳುವಾಗಿ ಉಳಿದದ್ದು ಉಳಿಯಲಿ, ಕೆಲಸ ಮಾಡೋದೇ ಅದು.

ಮಗು ಕಿರುಚಿ ಬಾಯಿ ಮುಚ್ಚಿಕೊಂಡರೆ ಹೆಚ್ಚಿನವರು ಹಟ ಅಂದುಕೊಳ್ತಾರೆ. ಅದು ನೋವು. ಮೇಲ್ತುಟಿಯ ಒಳಗೆ, ನಡುಮಧ್ಯ, ಒಸಡಿಗೆ ಅಂಟಿದ ದಾರದಂಥ ತೊಗಲಿದೆ. ಬ್ರಷ್ ಅದಕ್ಕೆ ತಾಗಿದರೆ ಚುರ್ ಅನ್ನುತ್ತೆ. ತೋರುಬೆರಳನ್ನು ಅದರ ಮೇಲೆ ಅಡ್ಡ ಇಟ್ಟು ತುಟಿ ಎತ್ತಿ, ಬೆರಳಿನ ಕೆಳಗೆ ಬ್ರಷ್ ಆಡಿಸಿ. ನಮ್ಮಲ್ಲಿ ಅಳು ಅರ್ಧಕ್ಕರ್ಧ ಇಳಿದದ್ದು ಇಷ್ಟರಿಂದಲೇ. ದವಡೆಯ ಒಳಬದಿಗೆ ಬಾಯಿ ತೆರೆಸುವ ಉಪಾಯ ಬೇರೆ ಇದೆ, ಅದನ್ನಿಲ್ಲಿ ಬರೆಯಲ್ಲ. ಬಂದವರಿಗೆ ಕೈಯಾರೆ ತೋರಿಸ್ತೀನಿ.

ಸೋತ ದಾರಿಗಳೂ ಇವೆ. ಸ್ಟ್ರಾಬೆರಿ ರುಚಿಯದು ತಂದರೆ ಬ್ರಷ್ ಚೀಪೋದು, ಇನ್ನೂ ಬೇಕು ಅನ್ನೋದು. ಪುದೀನದ್ದು ತಂದರೆ "ಖಾರ, ಖಾರ" ಅಂತ ನಾಲಿಗೆ ಹೊರಗೆ. ರುಚಿ ಕಮ್ಮಿ, ನೊರೆ ಕಮ್ಮಿ ಇರುವುದೇ ಒಳ್ಳೆಯದು. ಇದ್ದಿಲು, ಉಪ್ಪು, ಕೆಂಪು ಹಲ್ಲುಪುಡಿ ಬೇಡವೇ ಬೇಡ, ಹಾಲುಹಲ್ಲಿನ ಮೇಲ್ಪದರ ತೆಳು, ಉಜ್ಜಿದರೆ ಸವೆಯುತ್ತೆ. ಫ್ಲೋರೈಡ್ ಇಲ್ಲದ ದುಬಾರಿ "ಬೇಬಿ" ಪೇಸ್ಟ್‌ಗೆ ನಾಲ್ಕು ತಿಂಗಳು ಸುರಿದ ದುಡ್ಡು ದಂಡ. ಹುಳುಕು ತಡೆಯೋದರಲ್ಲಿ ಅದಕ್ಕೂ ಬರೀ ಬ್ರಷ್ಷಿಗೂ ಅಂಥ ವ್ಯತ್ಯಾಸವಿಲ್ಲ. ಪಿಪಿಎಂ ಟ್ಯೂಬಿನ ಮೇಲೇ ಇರುತ್ತೆ, ಓದಿಯೇ ತನ್ನಿ. ನಮ್ಮ ದೇಶದಲ್ಲಿ ಅದು 1000 ದಾಟುವಂತಿಲ್ಲ.

ಖರ್ಚು ಹೇಳ್ತೀನಿ. ತಿಂಗಳಿಗೆ 25 ದಿನ ಅಂದರೆ ಹದಿನಾಲ್ಕು ಮಕ್ಕಳಿಗೆ 35 ಗ್ರಾಂ. ನೂರು ಗ್ರಾಂ ಟ್ಯೂಬ್ ಹೆಚ್ಚುಕಮ್ಮಿ ಮೂರು ತಿಂಗಳು ಬರುತ್ತೆ. ಹಳೇ ಅಳತೆಯಲ್ಲಿ ತಿಂಗಳಿಗೆ ಒಂದೂವರೆ ಟ್ಯೂಬ್ ಹೋಗ್ತಿತ್ತು. ಬ್ರಷ್ ಮೂವತ್ತು ರೂಪಾಯಿಯದು, ಮೂರು ತಿಂಗಳಿಗೊಂದು, ಎಳೆ ಕೆದರಿದರೆ ಮುಂಚೆಯೇ. ಇತ್ತ ಒಂದು ಹಾಲುಹಲ್ಲಿಗೆ ಬೇರುಚಿಕಿತ್ಸೆ (ರೂಟ್ ಕೆನಾಲ್) ಮಾಡಿಸಿ ಕ್ಯಾಪ್ ಹಾಕಿಸಿದರೆ ಖಾಸಗಿಯಲ್ಲಿ ನಾಲ್ಕೈದು ಸಾವಿರ. ಬಿದ್ದುಹೋಗೋ ಹಲ್ಲಲ್ವಾ ಅನ್ನಬೇಡಿ, ಹಿಂದಿನ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಬಾಯಲ್ಲಿರುತ್ತೆ.

ಪೋಷಕರಿಗೆ ಎರಡು ಮಾತು ಖಡಕ್ಕಾಗಿ ಹೇಳಲೇಬೇಕು. ಇಲ್ಲಿ ಒಮ್ಮೆ, ಮನೆಯಲ್ಲಿ ರಾತ್ರಿ ಮಲಗುವ ಮುಂಚೆ ಒಮ್ಮೆ ಪೇಸ್ಟ್, ಬೆಳಿಗ್ಗೆ ಬರೀ ನೀರಿನ ಬ್ರಷ್ ಸಾಕು. ರಾತ್ರಿಯದಾದ ಮೇಲೆ ಹಾಲಿನ ಬಾಟಲಿ ಬಾಯಿಗೆ ಬಂದರೆ ಉಜ್ಜಿದ್ದು ವ್ಯರ್ಥ. ಇನ್ನೊಂದು, ನೀರು. ಹೊಂಗಳ್ಳಿ, ಬೆಳಗೊಳದ ಪಂಪ್‌ಹೌಸ್‌ಗಳಿಂದ ಕಾವೇರಿ ನೀರು ಬರುವ ಮನೆಗೆ ಚಿಂತೆಯಿಲ್ಲ. ಬೋರ್‌ವೆಲ್ ನೀರೇ ಕುಡಿಯುವ ಮನೆಯವರು ಫ್ಲೋರೈಡ್ ಪರೀಕ್ಷೆ ಮಾಡಿಸಲಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದ್ದರೆ ಕುಡಿಯೋಕೆ ಬೇಡ. ಕಾಯಿಸಿದರೆ ಅದು ಹೋಗಲ್ಲ, ನೀರು ಇಂಗಿದಷ್ಟೂ ಹೆಚ್ಚುತ್ತೆ. ಆಮೇಲೆ ಹುಟ್ಟುವ ಮೇಲ್ಸಾಲಿನ ನಡುವಿನ ಎರಡು ಶಾಶ್ವತ ಹಲ್ಲಿನ ಮೇಲೆ ಬಿಳಿ ಮಚ್ಚೆ ಬೀಳೋದು ಒಂದೂವರೆಯಿಂದ ಎರಡೂವರೆ ವರ್ಷದ ನಡುವೆ ಅತಿಯಾಗಿ ಫ್ಲೋರೈಡ್ ನುಂಗಿದ್ದರಿಂದಲೇ ಹೆಚ್ಚು. ನಮ್ಮ ಮಕ್ಕಳೆಲ್ಲ ಆ ವಯಸ್ಸಿನವರೇ.

ಟ್ಯೂಬ್ ಎತ್ತರದಲ್ಲಿಡಿ ಅನ್ನೋದಕ್ಕೂ ಲೆಕ್ಕವಿದೆ. ಕೆಜಿಗೆ 5 ಮಿಲಿಗ್ರಾಂ ಫ್ಲೋರೈಡ್ ಅಪಾಯದ ಗೆರೆ. 12 ಕೆಜಿ ಮಗುವಿಗೆ ಅದು 60 ಮಿಲಿಗ್ರಾಂ, ಅಂದರೆ 1000 ಪಿಪಿಎಂ ಪೇಸ್ಟ್ 60 ಗ್ರಾಂ. ನೂರು ಗ್ರಾಂ ಟ್ಯೂಬಿನಲ್ಲಿ ಅದಕ್ಕಿಂತ ಹೆಚ್ಚಿದೆ. ಒಂದೆರಡು ಚಮಚದಷ್ಟು ತಿಂದಿತು ಅಂದರೆ ವಾಂತಿ ಮಾಡಿಸಬೇಡಿ, ಹಾಲು ಕುಡಿಸಿ ಡಾಕ್ಟರಿಗೆ ಫೋನ್ ಮಾಡಿ. ಅರ್ಧ ಟ್ಯೂಬ್ ಖಾಲಿಯಾಗಿದ್ದರೆ ಖಾಲಿ ಟ್ಯೂಬನ್ನೂ ಹಿಡಿದು ನೇರ ಆಸ್ಪತ್ರೆಗೆ.

ವಾರಕ್ಕೊಮ್ಮೆ, ಸೋಮವಾರ, ಕಿಟಕಿ ಬೆಳಕಿಗೆ ತುಟಿ ಎತ್ತಿ ನೋಡ್ತೀವಿ. ಒಸಡಿನ ಅಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಹುಳುಕು ಶುರು, ಆ ಹಂತದಲ್ಲಾದರೆ ಮತ್ತೆ ಸರಿಪಡಿಸಬಹುದು. ಕಂದು ಬಣ್ಣದ ಗುಂಡಿಯಾದರೆ ಬನ್ನಿಮಂಟಪದ ಜೆಎಸ್‌ಎಸ್ ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೋ ಹತ್ತಿರದ ಮಕ್ಕಳ ದಂತವೈದ್ಯರ ಹತ್ತಿರಕ್ಕೋ ಕಳಿಸ್ತೀವಿ. ಕಪ್ಪು ಗೆರೆ ಕಂಡರೆ ಮೊದಲು ಐರನ್ ಸಿರಪ್ ಕೊಡ್ತಿದ್ದೀರಾ ಅಂತ ಕೇಳಿ. ಅದರ ಕರೆ ಹುಳುಕಲ್ಲ. ಡ್ರಾಪರನ್ನು ಕೆನ್ನೆಯ ಒಳಗೆ, ಹಲ್ಲಿನಿಂದ ಹಿಂದಕ್ಕೆ ಹಿಡಿದು ಹಾಕಿ, ಮೇಲೆ ಎರಡು ಗುಟುಕು ನೀರು ಕುಡಿಸಿದರೆ ಹೊಸ ಕರೆ ನಿಲ್ಲುತ್ತೆ.