ಕಿಟ್‌ಗಳು ಮೇಲಿನಿಂದ ಬಂದವು, ಬಾಗಿಲನ್ನು ನಾವೇ ಕೂರಿಸಿದೆವು

ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿರುವ ನಮ್ಮ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಲೈಂಗಿಕ ಸೋಂಕುಗಳ ಚಿಕಿತ್ಸೆಗೆ ಕೇಂದ್ರದ ಖರ್ಚುವೆಚ್ಚ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಪ್ರತ್ಯೇಕ ವ್ಯವಸ್ಥೆ ಮಾಡುತ್ತೇನೆ ಎಂದು ವೈದ್ಯಾಧಿಕಾರಿಯಾದ ನಾನು ಹೇಳಿದಾಗ ನನ್ನ ಸಹೋದ್ಯೋಗಿಗಳಲ್ಲಿ ಯಾರೂ ಒಪ್ಪಿರಲಿಲ್ಲ. ಔಷಧದ ಕಿಟ್‌ಗಳು ಉಚಿತವಾಗಿಯೇ ಬರುತ್ತಿರುವಾಗ ಸಮಿತಿಯ ಹಣವೇಕೆ ಎಂದು ಕೆಲವರು ಕೇಳಿದರು. ಈ ರೋಗಿಗಳು ಹೇಗಿದ್ದರೂ ಕತ್ತಲಾದ ಮೇಲೆ ಖಾಸಗಿಯವರ ಬಳಿಗೇ ಹೋಗುವವರು ಎಂದು ಉಳಿದವರು ಹೇಳಿದರು. ನಾಲ್ಕು ಹಂಗಾಮು ಕಳೆದಿವೆ. ಮೊದಲ ವರ್ಷ ಸುಮಾರು 60 ಜನ ಬಂದಿದ್ದ ಕೊಠಡಿಗೆ ಕಳೆದ ವರ್ಷ 500ರ ಆಸುಪಾಸು ಜನ ಬಂದಿದ್ದಾರೆ. ಈ ಸಂಖ್ಯೆಯನ್ನು ಸಂತೋಷದಿಂದಲೇ ಬರೆಯುತ್ತಿದ್ದೇನೆ.

ಮೊದಲ ತಪ್ಪು ಫಲಕದ್ದು. ಮೊಗಸಾಲೆಯ ಕೊನೆಯ ಕೊಠಡಿಗೆ ಸುಣ್ಣ ಬಳಿಸಿ, ಕೆಂಪು ಅಕ್ಷರಗಳಲ್ಲಿ ‘ಗುಪ್ತರೋಗ ಚಿಕಿತ್ಸಾ ಕೊಠಡಿ’ ಎಂದು ಬರೆಸಲು ಆರೇಳು ಸಾವಿರ ಖರ್ಚು ಮಾಡಿದೆ. ಮೂರು ತಿಂಗಳಲ್ಲಿ ಹನ್ನೊಂದು ಜನ ಬಂದರು. ಇಂಜೆಕ್ಷನ್ ಕೊಠಡಿಯ ಎದುರಿನ ಬೆಂಚಿನಲ್ಲಿ ಕುಳಿತವರಿಗೆಲ್ಲ ಆ ಬಾಗಿಲು ನೇರವಾಗಿ ಕಾಣುತ್ತಿತ್ತು. ಅದರೊಳಗೆ ಹೆಜ್ಜೆಯಿಟ್ಟವರ ಸುದ್ದಿ ಸಂಜೆಯೊಳಗೆ ಊರು ಸೇರುತ್ತಿತ್ತು. ಫಲಕವನ್ನು ತೆಗೆಸಿ, ಬಿಪಿ ಮತ್ತು ಸಕ್ಕರೆ ಕಾಯಿಲೆ ತಪಾಸಣೆಯ ಕೊಠಡಿಯನ್ನೇ ಎರಡು ಭಾಗ ಮಾಡಿ, ಎರಡಕ್ಕೂ ಹೊರಗಿನಿಂದ ಒಂದೇ ಬಾಗಿಲು ಇರುವಂತೆ ಮಾಡಿದೆ. ಅಲ್ಲಿಯೂ ಎಡವಿದೆ. ಏಳು ಅಡಿಯ ಪ್ಲೈವುಡ್ ತಡೆಗೆ ಒಂಬತ್ತು ಸಾವಿರ ಕೊಟ್ಟ ಮೇಲೆ, ಒಳಗಿನ ಮಾತು ಅದರ ಮೇಲಿನಿಂದ ಸ್ಪಷ್ಟವಾಗಿ ಹೊರಗೆ ಕೇಳುತ್ತದೆ ಎಂದು ನಮ್ಮ ಶುಶ್ರೂಷಕಿಯೇ ತೋರಿಸಿಕೊಟ್ಟರು. ಚಾವಣಿಯವರೆಗೆ ಇಟ್ಟಿಗೆ ಗೋಡೆ ಕಟ್ಟಿಸಿ, ಒಳಗಡೆ ಇನ್ನೊಂದು ಬಾಗಿಲು ಕೂರಿಸಲು ಮತ್ತೆ ಹದಿನೆಂಟು ಸಾವಿರವಾಯಿತು. ರೋಗಿಗಳ ಸಂಖ್ಯೆ ಏರತೊಡಗಿದ್ದು ಆ ತಿಂಗಳಿನಿಂದಲೇ.

ಹಣದ ವಿಷಯವನ್ನು ಬಿಡಿಸಿ ಹೇಳಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲ ಲೆಕ್ಕದಂತೆ ಸಮುದಾಯ ಕೇಂದ್ರಕ್ಕೆ ವರ್ಷಕ್ಕೆ ಮುಕ್ತ ನಿಧಿ (ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸುವ ಹಣ) 50,000, ನಿರ್ವಹಣೆಗೆ 1 ಲಕ್ಷ, ಸಮಿತಿಗೆ 1 ಲಕ್ಷ, ಒಟ್ಟು ಎರಡೂವರೆ ಲಕ್ಷ ರೂಪಾಯಿ ನಿಗದಿಯಾಗಿತ್ತು. ಈ ಕೊಠಡಿಗೆ ವರ್ಷಕ್ಕೆ ತಗಲುವುದು ಸುಮಾರು 40,000, ಅಂದರೆ ಆ ಮೊತ್ತದ ಆರನೆಯ ಒಂದು ಪಾಲಿಗಿಂತ ಕಡಿಮೆ. ಇದರಲ್ಲಿ ಹೆಚ್ಚಿನ ಭಾಗ ಸಂತೆಯ ದಿನ ಮತ್ತು ವಾರದ ಇನ್ನೊಂದು ದಿನ ಸಂಜೆ 5ರಿಂದ 7.30ರವರೆಗೆ ಕೊಠಡಿ ತೆರೆದಿಡುವುದಕ್ಕೆ, ಶುಶ್ರೂಷಕಿ ಮತ್ತು ಪ್ರಯೋಗಾಲಯ ತಂತ್ರಜ್ಞರಿಗೆ ಕೊಡುವ ಸಣ್ಣ ಗೌರವಧನಕ್ಕೆ ಹೋಗುತ್ತದೆ. ಆರಂಭದಲ್ಲಿ ನಡಾವಳಿಯಲ್ಲಿ ಠರಾವು ಬರೆಸದೆಯೇ ಈ ಗೌರವಧನ ಕೊಟ್ಟಿದ್ದರಿಂದ ಸುಮಾರು ಎಂಟು ಸಾವಿರಕ್ಕೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದು, ಅದನ್ನು ತೀರಿಸಲು ಒಂದು ವರ್ಷ ಓಡಾಡಿದೆ. ಈಗ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುವ ಮೊದಲೇ, ಸೆಪ್ಟೆಂಬರ್ ಸಭೆಯಲ್ಲಿ, ಇಡೀ ಹಂಗಾಮಿನ ಖರ್ಚಿಗೆ ಮಂಜೂರಾತಿ ಪಡೆದಿಡುತ್ತೇನೆ.

ಗ್ರಾಮ ಪಂಚಾಯಿತಿಯನ್ನು ಎರಡು ಬಾರಿ ಕೇಳಿದೆ, ಎರಡು ಬಾರಿಯೂ ಇಲ್ಲವೆಂದರು. “ಇದಕ್ಕೆಲ್ಲ ಪಂಚಾಯ್ತಿ ರೊಕ್ಕ ಯಾಕ್ರೀ ಡಾಕ್ಟ್ರೇ?” ಎಂದು ಅಧ್ಯಕ್ಷರು ಸಭೆಯಲ್ಲೇ ಕೇಳಿದ್ದರು. ಮೂರನೆಯ ಬಾರಿ ಹಿಂಬದಿಯ ದಾರಿಗೆ ದೀಪವೂ ಶೌಚಾಲಯದ ದುರಸ್ತಿಯೂ ದೊರೆತವು. ಆ ಅರ್ಜಿಯನ್ನು ಯಾವ ಮಾತಿನಿಂದ ಆರಂಭಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದೇ ಕೆಲಸದಲ್ಲಿರುವ ವೈದ್ಯಾಧಿಕಾರಿಗಳು ಎದುರು ಸಿಕ್ಕು ಕೇಳಿದರೆ ಹೇಳುತ್ತೇನೆ.

ಯಾವ ತೊಂದರೆಗೆ ಯಾವುದು ಎಂದು ಬಣ್ಣದಿಂದ ಗುರುತಿಸಿದ ಕಿಟ್‌ಗಳಲ್ಲಿ ಬೂದು (ಮೂತ್ರನಾಳ ಮತ್ತು ಗರ್ಭಕೊರಳಿನ ಸೋಂಕಿಗೆ) ಮತ್ತು ಹಸಿರು (ಯೋನಿಯ ಸೋಂಕಿಗೆ) ಬಣ್ಣದವು ಬೇಗ ಮುಗಿಯುತ್ತವೆ. ಜನನಾಂಗದ ಹುಣ್ಣಿಗೆ ಕೊಡುವ ಬಿಳಿಯ ಕಿಟ್ ಮಾತ್ರ ಅವಧಿ ಮೀರುವವರೆಗೂ ಕಪಾಟಿನಲ್ಲಿ ಕುಳಿತಿರುತ್ತಿತ್ತು, ಏಕೆಂದರೆ ಅದರಲ್ಲಿರುವ ಬೆಂಜಥೀನ್ ಪೆನಿಸಿಲಿನ್ ಚುಚ್ಚಿದರೆ ತೀವ್ರ ಅಲರ್ಜಿಯಾದೀತೆಂದು ಎಲ್ಲರಿಗೂ ಭಯ. ಸಿಫಿಲಿಸ್ ಪರೀಕ್ಷೆಯಲ್ಲಿ ರಿಯಾಕ್ಟಿವ್ (ಸೋಂಕಿನ ಸೂಚನೆ) ಬಂದ ಗರ್ಭಿಣಿಯನ್ನು ಈ ಭಯದಿಂದ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರೆ ಅವಳು ಹೋಗುವುದೇ ಇಲ್ಲ, ಮತ್ತು ಹೊಟ್ಟೆಯಲ್ಲಿರುವ ಮಗುವನ್ನು ಕಾಪಾಡಲು ಈ ಔಷಧದ ಜಾಗದಲ್ಲಿ ನಂಬಿ ಕೊಡಬಹುದಾದ ಬೇರೊಂದು ಔಷಧವಿಲ್ಲ. ಅಲರ್ಜಿಯಾದರೆ ತಕ್ಷಣ ಕೊಡಲು ಅಡ್ರಿನಲಿನ್ ಟ್ರೇ ಸಿದ್ಧವಿಟ್ಟು ಮೊದಲ ಕೆಲವು ಚುಚ್ಚುಮದ್ದುಗಳನ್ನು ನಾನೇ ಕೊಟ್ಟೆ. ಇದುವರೆಗೆ ಒಂದೂ ಅನಾಹುತವಾಗಿಲ್ಲ. ಸರಬರಾಜು ನಿಂತುಹೋಗುವ ತಿಂಗಳುಗಳಿಗಾಗಿ ಇಪ್ಪತ್ತು ಇಪ್ಪತ್ತೈದು ವಯಲ್‌ಗಳನ್ನು ಸಮಿತಿಯ ಹಣದಿಂದಲೇ ಕೊಂಡಿಡುತ್ತೇವೆ.

ಸಂಗಾತಿಯನ್ನು ಕರೆಸುವ ಚೀಟಿಯಲ್ಲಿ ನಾನು ಮಾಡಿದ ತಪ್ಪಿಗೆ ಈಗಲೂ ನೋವಿದೆ. ಬಿಳಿ ಸೆರಗು ಎಂದು ಬಂದ ಹೆಣ್ಣುಮಕ್ಕಳಿಗೆಲ್ಲ ಮೊದಲು ಹಸಿರು ಕಿಟ್‌ನೊಂದಿಗೆ ಗಂಡನ ಹೆಸರಿಗೂ ಚೀಟಿ ಕೊಡುತ್ತಿದ್ದೆ. ಯೋನಿಯ ಸ್ರಾವ ಬಹಳಷ್ಟು ಸಲ ಲೈಂಗಿಕ ಸಂಪರ್ಕದಿಂದ ಬಂದದ್ದೇ ಆಗಿರುವುದಿಲ್ಲ. ಆದರೂ ಆ ಚೀಟಿ ಒಂದು ಮನೆಯಲ್ಲಿ ದೊಡ್ಡ ಜಗಳಕ್ಕೆ ಕಾರಣವಾಯಿತು, ಆ ಹೆಣ್ಣುಮಗಳು ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಆನಂತರ ಯೋನಿಯ ಒಳಗೆ ನೋಡಲು ಬಳಸುವ ನಾಲ್ಕು ಸ್ಪೆಕ್ಯುಲಮ್ ಮತ್ತು ಒಂದು ಒಳ್ಳೆಯ ದೀಪ ತರಿಸಿ, ನೋಡಿದ ಮೇಲೆಯೇ ನಿರ್ಧರಿಸುತ್ತೇನೆ. ಗರ್ಭಕೊರಳಿನ ಸೋಂಕು ಕಂಡರೆ ಮಾತ್ರ ಬೂದು ಕಿಟ್ ಮತ್ತು ಚೀಟಿ. ಚೀಟಿಯಲ್ಲಿ ರೋಗದ ಹೆಸರಿಲ್ಲ, ಬಣ್ಣ ಮತ್ತು ಸಂಖ್ಯೆ ಮಾತ್ರ. ಹತ್ತು ಚೀಟಿಗಳಿಗೆ ಮೂರು ನಾಲ್ಕು ಗಂಡಸರು ಬರುತ್ತಾರೆ. ರಿಜಿಸ್ಟರಿನಲ್ಲಿಯೂ ಹೆಸರಿನ ಬದಲು ಸಂಖ್ಯೆಯನ್ನೇ ಬರೆಯುತ್ತೇವೆ, ಅದು ಏಳೂವರೆ ಸಾವಿರದ ಉಕ್ಕಿನ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಎಚ್‌ಐವಿ ಸೋಂಕಿತರ ಮಾಹಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಉಳಿದ ಸೋಂಕುಗಳಿಗೂ ನಾವು ಅದೇ ನಿಯಮ ಪಾಲಿಸುತ್ತೇವೆ.

ಇನ್ನೆರಡು ಪ್ರಯೋಗಗಳನ್ನೂ ಮಾಡಿದೆ. ಗ್ಯಾಂಗುಗಳ ಗುಡಿಸಲುಗಳ ಬಳಿಯೇ ಸಂಜೆಯ ತಪಾಸಣೆ ನಡೆಸಲು ಅವುಗಳ ಮೇಸ್ತ್ರಿಯಾದ ಮುಕಾದಮನನ್ನು ಒಪ್ಪಿಸಿ ನಾಲ್ಕು ಬಾರಿ ಹೋದೆ. ಅಲ್ಲಿ ಮರೆಯೇ ಇಲ್ಲದ್ದರಿಂದ ಎಲ್ಲರೂ ಜ್ವರ, ಕೆಮ್ಮು ಎಂದರು, ಕೈಬಿಟ್ಟೆ. ನಿರೋಧ್ ಪೆಟ್ಟಿಗೆಯದು ಬೇರೆಯೇ ಕಥೆ. ಹೆಬ್ಬಾಗಿಲ ಪಕ್ಕದಲ್ಲಿದ್ದಾಗ ತಿಂಗಳುಗಟ್ಟಲೆ ತುಂಬಿಯೇ ಇದ್ದ ಪೆಟ್ಟಿಗೆಯನ್ನು ಗಂಡಸರ ಶೌಚಾಲಯದ ಒಳಗೋಡೆಗೆ ಹಾಕಿಸಿದ ಮೇಲೆ 200 ನಿರೋಧ್ ಹತ್ತು ದಿನಗಳಲ್ಲಿ ಖಾಲಿಯಾದವು. ಹೆಂಗಸರ ಶೌಚಾಲಯದಲ್ಲಿಯೂ ಒಂದನ್ನು ಇಡೋಣ ಎಂದು ಆಶಾ ಕಾರ್ಯಕರ್ತೆಯೊಬ್ಬರು ಹೇಳಿದಾಗ ನನಗೆ ನಂಬಿಕೆ ಇರಲಿಲ್ಲ. ಅದೂ ಅಷ್ಟೇ ಬೇಗ ಖಾಲಿಯಾಗುತ್ತಿದೆ, ಈಗ ಎರಡನ್ನೂ ವಾರಕ್ಕೊಮ್ಮೆ ಅವರೇ ತುಂಬಿಸುತ್ತಾರೆ.